ಮನೆಯವರ ಸಾಲು

ಜನರನ್ನು ನಗಿಸುವುದು ಸುಲಭದ ಕೆಲಸ ಎನ್ನುವವರನ್ನು ಹಿಡಿದು ತಂದು ಒಂದು ವಾರ ಆ ಮೂರನೇ ಮಹಡಿಯ ಕೋಣೆಯಲ್ಲಿ ಕೂರಿಸಬೇಕು, ತಾನಾಗಿ ಬುದ್ಧಿ ಬರುತ್ತದೆ. ಕಿಟಕಿ ಇಲ್ಲ. ನಡುವೆ ಒಂದು ಉದ್ದನೆಯ ಮೇಜು, ಸುತ್ತ ನಗುವುದನ್ನೇ ಮರೆತ ಐದು ಮುಖ. ಒಬ್ಬ ಒಂದು ಜೋಕ್ ಹೇಳುತ್ತಾನೆ. ಉಳಿದ ನಾಲ್ವರು ಸಾವಿನ ಮನೆಗೆ ಬಂದವರ ಹಾಗೆ ತಲೆಯಾಡಿಸಿ "ಹ್ಞೂಂ, ತಮಾಷೆಯಾಗಿದೆ" ಎನ್ನುತ್ತಾರೆ. ಅಲ್ಲಿ ನಗುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಆ ಮೇಜಿನ ತುದಿಯಲ್ಲಿ ಕೂರುವವಳು ರೈಟರ್ ಮೇಡಂ. ಐವತ್ತು ದಾಟಿದ ಹೆಂಗಸು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಧಾರಾವಾಹಿಯನ್ನೇ ಕಟ್ಟಿಕೊಂಡವಳು. ಮೊದಮೊದಲು ಅಳುವ ಧಾರಾವಾಹಿಗಳಿಗೆ ಬರೆಯುತ್ತಿದ್ದಳು. ಅವಳು ಬರೆದ ಸಾವಿನ ಸೀನಿಗೆ ಲೈಟಿನವನು ಏಣಿಯ ಮೇಲೆ ನಿಂತು ಕಿಸಕ್ಕನೆ ನಕ್ಕುಬಿಟ್ಟ. ಅದಕ್ಕೆ ಬೈಸಿಕೊಂಡು, ಅಲ್ಲಿಂದ ಹೊರಬಿದ್ದು ಹಾಸ್ಯಕ್ಕೆ ಬಂದಳು. ಹಾಸ್ಯದ ಕೋಣೆಯಲ್ಲಿದ್ದ ಗಂಡಸರು "ಹೆಂಗಸರಿಗೆ ತಮಾಷೆ ಎಲ್ಲಿ ಬರುತ್ತೆ, ಮೊದ್ಲು ಟೀ ತರಿಸಿ" ಎಂದರು. ಹಾಗೆಂದವರಲ್ಲಿ ಇಬ್ಬರು ಈಗ ಅವಳ ಕೈಕೆಳಗೆ ದುಡಿಯುತ್ತಾರೆ. ಟೀಯನ್ನೂ ಅವರೇ ತರಿಸುತ್ತಾರೆ.

ಅವಳ "ಆರು ಜನ ಒಂದು ಬಚ್ಚಲು" ಶುರುವಾಗಿ ಇಪ್ಪತ್ತು ವರ್ಷವಾಯಿತು. ವಾರಕ್ಕೊಂದು ಕಂತು. ಒಂದೇ ಬಚ್ಚಲಿರುವ ಮನೆಯಲ್ಲಿ ಆರು ಜನರ ಕಿತ್ತಾಟ, ಅಷ್ಟೇ ಕಥೆ. ರೆಕಾರ್ಡಿಂಗ್ ದಿನ ನೂರಾರು ಜನರನ್ನು ಕರೆದು ಎದುರಿಗೆ ಕೂರಿಸುತ್ತಾರೆ. ಅವರು ನಿಜವಾಗಿ ನಕ್ಕ ನಗುವೇ ಟೀವಿಯಲ್ಲಿ ಕೇಳುವುದು. ಮೊದಲ ಸಾಲು ಮನೆಯವರ ಸಾಲು. ಅಲ್ಲಿ ಕೆಲಸ ಮಾಡುವವರ ಅಪ್ಪ, ಅಮ್ಮ, ಅತ್ತಿಗೆ, ಮೈದುನ ಕೂರುತ್ತಾರೆ. ಆ ಪದ್ಧತಿ ಮಾಡಿದವಳೂ ಅವಳೇ. ಮನೆಯವರು ನಕ್ಕರೆ ಹಿಂದಿನವರು ನಗುತ್ತಾರೆ, ಮನೆಯವರು ನಗದೆ ಎಲ್ಲಿಗೆ ಹೋಗುತ್ತಾರೆ ಎಂಬುದು ಅವಳ ಲೆಕ್ಕ.

ಅವತ್ತೂ ರೆಕಾರ್ಡಿಂಗ್. ಸಂಜೆ ಬಾಗಿಲು ತೆಗೆಯಲು ಇನ್ನೂ ಹೊತ್ತಿತ್ತು. ಅವಳು ಕೊನೆಯ ಹಾಳೆಗಳನ್ನು ತಿದ್ದುತ್ತಿದ್ದಾಗ ಅಣ್ಣನ ಮಗಳ ಫೋನ್ ಬಂತು.

"ಅತ್ತೆ, ಇನ್ನೊಂದು ಪಾಸ್ ಬೇಕು."

"ಯಾರಿಗೇ?"

"ಅಪ್ಪನಿಗೆ."

ರೈಟರ್ ಪೆನ್ನು ಕೆಳಗಿಟ್ಟಳು. "ನಿಮ್ಮಪ್ಪನಾ? ಇಲ್ಲಿಗಾ?"

"ಅವರೇ ಬರ್ತೀನಿ ಅಂದ್ರು. ನಾನೇನೂ ಬಲವಂತ ಮಾಡ್ಲಿಲ್ಲ ಅತ್ತೆ. ಬೀಗರು ಬರ್ತಿರೋವಾಗ ನಾನು ಮನೇಲಿ ಕೂತ್ರೆ ಏನು ಚೆನ್ನ ಅಂದ್ರು." ಹುಡುಗಿ ಸ್ವಲ್ಪ ತಡೆದು ದನಿ ತಗ್ಗಿಸಿದಳು. "ಇವತ್ತಿನ ಕಂತಲ್ಲಿ ಮಾವ ಜಾಸ್ತಿ ಇದ್ದಾನಾ?"

"ಇಲ್ಲ ಕಣೆ, ಸ್ವಲ್ಪ," ಎಂದಳು ರೈಟರ್. ಹಸಿ ಸುಳ್ಳು.

ಫೋನ್ ಇಟ್ಟ ಮೇಲೆ ಅವಳಿಗೆ ಕೈಕಾಲು ಆಡಲಿಲ್ಲ. ಯಾಕೆ ಅನ್ನುವುದಕ್ಕೆ ಅಣ್ಣನ ವಿಷಯ ಹೇಳಬೇಕು. ಅವಳಿಗಿಂತ ಹತ್ತು ವರ್ಷ ದೊಡ್ಡವನು, ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅಪ್ಪ ಅಮ್ಮ ಬೇಗ ಹೋದಾಗ ಅವಳನ್ನು ಸಾಕಿ, ಓದಿಸಿ, "ಬರೆಯೋದೇ ಕೆಲಸ ಅಂತೀಯಾ, ಸರಿ ಬರಿ" ಎಂದು ಊಟ ಹಾಕಿದವನು ಅವನೇ. ಅವನಿಗೆ ಚಿಕ್ಕಂದಿನಿಂದ ಉಗ್ಗು. ಒಂದು ಮಾತು ಹೊರಗೆ ಬರಬೇಕಾದರೆ ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಬಲಗೈ ತೊಡೆಯ ಮೇಲೆ ಬಡಿಯುತ್ತದೆ. ಹಾಗಾಗಿ ಅವನು ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾನೆ. ಗಿರಾಕಿಗಳಿಗೂ ಅದು ಅಭ್ಯಾಸವಾಗಿದೆ.

ಧಾರಾವಾಹಿ ಶುರುವಾದ ಹೊಸತರಲ್ಲಿ ಆ ಮನೆಯ ಸೋದರಮಾವನ ಪಾತ್ರ ಸಪ್ಪೆ ಎಂದರೆ ಸಪ್ಪೆ. ನಟರೆಲ್ಲ ಮೇಜಿನ ಸುತ್ತ ಕೂತು ಗಟ್ಟಿಯಾಗಿ ಓದಿದಾಗ ಮಾವನ ಮಾತಿಗೆ ಒಂದು ಕೆಮ್ಮೂ ಬರಲಿಲ್ಲ. ಪಾತ್ರವನ್ನೂ ತೆಗೀರಿ, ಬರೆದವಳನ್ನೂ ತೆಗೀರಿ ಎಂಬ ಮಾತು ಅವಳ ಕಿವಿಗೆ ಬಿತ್ತು. ಹೆದರಿಹೋದಳು. ಊಟದ ಬಿಡುವಿನಲ್ಲಿ ಆ ನಟನ ಹತ್ತಿರ ಹೋಗಿ "ಹೀಗೆ ಮಾತಾಡಿ ನೋಡಿ" ಎಂದು ಥೇಟ್ ಅಣ್ಣನ ಹಾಗೆ ಮಾತಾಡಿ ತೋರಿಸಿದಳು. ನರ, ಕಣ್ಣು, ತೊಡೆಯ ಮೇಲಿನ ಕೈ, ಒಂದನ್ನೂ ಬಿಡಲಿಲ್ಲ. ಇದು ಯಾರ ಮಾತು ಎಂದು ಅವನು ಕೇಳಿದಾಗ ನಮ್ಮಣ್ಣಂದು ಎಂದಳು. ಮಧ್ಯಾಹ್ನ ನಟ ಅದನ್ನು ಮಾಡಿದ. ಕೋಣೆ ಬಿದ್ದು ಬಿದ್ದು ನಕ್ಕಿತು.

ಅಲ್ಲಿಂದ ಉಗ್ಗು ಮಾವ ಮನೆಮಾತಾದ. ಮಕ್ಕಳು ಶಾಲೆಯಲ್ಲಿ ಅವನ ಹಾಗೆ ಮಾತಾಡಿ ಏಟು ತಿಂದರು. ಅವಳಿಗೆ ಪ್ರಶಸ್ತಿ ಬಂತು, ಸ್ವಂತ ಮನೆ ಬಂತು, ಮೇಜಿನ ತುದಿಯ ಕುರ್ಚಿ ಬಂತು. ಅಣ್ಣ ಪ್ರತಿ ವಾರ ಹೆಂಡತಿ ಮಗಳ ಜೊತೆ ಕೂತು ಧಾರಾವಾಹಿ ನೋಡುತ್ತಿದ್ದ, ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದ. ಅವನು ಒಂದು ಮಾತು ಆಡಲಿಲ್ಲ, ಇವಳೂ ಆ ಸುದ್ದಿ ಎತ್ತಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮನೆಮಂದಿಯೆಲ್ಲ ಸುಮ್ಮನಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

ಈಗ ಅಣ್ಣನ ಮಗಳಿಗೆ ಸಂಬಂಧ ಕೂಡಿಬಂದಿತ್ತು. ಹುಡುಗ ಹುಡುಗಿ ಒಪ್ಪಿಯಾಗಿತ್ತು, ದೊಡ್ಡವರ ಮಾತು ಬಾಕಿ. ಬೀಗರು ಮೊದಲ ಸಲ ಮನೆಗೆ ಬಂದಾಗ ಅಣ್ಣ "ಬನ್ನಿ" ಎನ್ನಲು ಹೋಗಿ ಬಾಗಿಲಲ್ಲೇ ಸಿಕ್ಕಿಕೊಂಡುಬಿಟ್ಟ. ಹುಡುಗಿ ಗಾಬರಿಯಿಂದ "ಅಪ್ಪನಿಗೆ ಗಂಟಲು ಕಟ್ಟಿದೆ, ಡಾಕ್ಟ್ರು ಮಾತಾಡಬೇಡಿ ಅಂದಿದಾರೆ" ಎಂದಳು. ಎರಡನೇ ಸಲವೂ ಅದೇ ಗಂಟಲು. ಹುಡುಗನ ಅಪ್ಪನೋ ಉಗ್ಗು ಮಾವನ ಪರಮ ಭಕ್ತ. ಟೀ ಲೋಟ ಎತ್ತಿದರೂ ಮಾವನ ಹಾಗೆ ಮಾತಾಡಿ ತಾನೇ ನಗುವ ಮನುಷ್ಯ. ರೆಕಾರ್ಡಿಂಗ್ ನೋಡಲೇಬೇಕು ಎಂದು ಹಟ ಹಿಡಿದವನೂ ಅವನೇ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಬಾಗಿಲಲ್ಲಿ ಆದ ಕಥೆಯನ್ನು ಹುಡುಗಿ ಅತ್ತೆಯ ಹತ್ತಿರ ಅಳುತ್ತಾ ಹೇಳಿಕೊಂಡಿದ್ದಳು. ಅತ್ತೆ ತಲೆ ಸವರಿದಳು, ಸಮಾಧಾನ ಮಾಡಿದಳು, ಮನೆಗೆ ಬಂದು ಅದನ್ನೇ ಬರೆದಳು. ಛೀ ಎನ್ನಿ, ಥೂ ಎನ್ನಿ, ಬರೆದಿದ್ದಂತೂ ಹೌದು. ಇವತ್ತಿನ ಕಂತಿನಲ್ಲಿ ಉಗ್ಗು ಮಾವ ಸೋದರಸೊಸೆಯ ಸಂಬಂಧ ಮಾತಾಡಲು ಹೋಗುತ್ತಾನೆ, ಬೀಗರ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾನೆ, ಮನೆಯವರು ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳುತ್ತಾರೆ. ಮೂರು ಪುಟ. ಅಣ್ಣನ ಮುಂದೆ, ಬೀಗರ ಮುಂದೆ, ನೂರಾರು ಜನರ ಮುಂದೆ. ಬೀಗರೇನು ಕಿವುಡರೇ? ಗಂಟಲಿನ ಕಥೆ ಕೇಳಿದ ಕೂಡಲೇ ಪಕ್ಕದಲ್ಲಿ ಕೂತವನ ಮುಖ ನೋಡುತ್ತಾರೆ. ಅಣ್ಣನ ಮಾನ ಅಲ್ಲೇ ಹರಾಜು, ಹುಡುಗಿಯ ಸಂಬಂಧ ಅದರ ಹಿಂದೆ.

ಅವಳು ಹಾಳೆಗಳನ್ನು ಬಾಚಿಕೊಂಡು ಮೇಕಪ್ ಕೋಣೆಗೆ ಓಡಿದಳು.

ಮಾವನ ಪಾತ್ರದ ನಟ ಕನ್ನಡಿಯ ಮುಂದೆ ಕೂತಿದ್ದ. ಮೀಸೆಗೆ ಅಂಟು ಹಚ್ಚುತ್ತಿದ್ದರು. ಅಂಗಡಿ ಬೀದಿಯಲ್ಲೂ ಮದುವೆ ಮನೆಯಲ್ಲೂ ಅವನನ್ನು ಜನ ಕರೆಯುವುದು ಮಾವ ಎಂದೇ. ಸ್ವಂತ ಹೆಸರು ಹೆಂಡತಿಗೆ ಮಾತ್ರ ನೆನಪಿರಬೇಕು.

"ಬಾಗಿಲ ಸೀನಲ್ಲಿ ಉಗ್ಗು ಬೇಡ," ಎಂದಳು ಅವಳು ನಿಂತ ಕಾಲಿನಲ್ಲೇ. "ಬೆಳಿಗ್ಗೆ ಹಲ್ಲು ಕೀಳಿಸ್ಕೊಂಡಿದೀರಿ. ಬಾಯಿ ತುಂಬ ಹತ್ತಿ. ಮಾತೇ ಬರಲ್ಲ. ಎಲ್ಲಾ ಕೈಸನ್ನೆ. ಬರೆದು ಕೊಡ್ತೀನಿ, ಈಗ್ಲೇ."

"ಉಗ್ಗು ತೆಗೆದ್ರೆ ಆ ಸೀನಲ್ಲಿ ಏನಿದೆ ಮೇಡಂ? ನನ್ನ ಮೀಸೆ ಒಂದೇ."

"ನಾನು ಬರೀತೀನಿ ಅಂದೆನಲ್ಲ!"

ನಟ ಮೀಸೆಯವನಿಗೆ ಹೊರಗೆ ಹೋಗುವಂತೆ ಸನ್ನೆ ಮಾಡಿದ. ಬಾಗಿಲು ಮುಚ್ಚಿದ ಮೇಲೆ ಕನ್ನಡಿಯಲ್ಲೇ ಅವಳನ್ನು ನೋಡಿದ. "ನಿಮ್ಮಣ್ಣ ಬರ್ತಿದಾರಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

"ಅವರಿಗೆ ಇವತ್ತಿನ ತನಕ ಹೇಳೇ ಇಲ್ವಾ ನೀವು?"

"ಹೇಳೋದೇನಿದೆ. ಅವನಿಗೆ ಗೊತ್ತು."

"ಗೊತ್ತಿರೋದು ಬೇರೆ, ಹೇಳೋದು ಬೇರೆ." ನಟ ಅರ್ಧ ಅಂಟಿದ ಮೀಸೆಯನ್ನು ಒತ್ತಿಕೊಂಡ. "ನೋಡಿ ಮೇಡಂ, ಆ ಮನುಷ್ಯನ ಬಾಯಿಂದ ನಾನು ಅನ್ನ ತಿಂದಿದೀನಿ. ಹತ್ತಿ ಅಂತೀರಾ, ಹತ್ತಿ ತುರುಕ್ಕೊಳ್ತೀನಿ. ಆದ್ರೆ ಡೈರೆಕ್ಟರನ್ನ ನೀವೇ ಒಪ್ಪಿಸಿ."

ಡೈರೆಕ್ಟರ್ ಒಪ್ಪುವ ಪೈಕಿಯಲ್ಲ. ಜನ ಬಾಗಿಲ ಹೊರಗೆ ಸಾಲು ನಿಂತಿರುವಾಗ ಸೀನು ಬದಲಿಸುವುದೇ ಎಂದು ಕೂಗಾಡಿದ. ಅವಳು ಹೊಸತನ ಎಂದಳು, ಪ್ರೇಕ್ಷಕರಿಗೆ ಅದೇ ಅದೇ ಸಾಕಾಗಿದೆ ಎಂದಳು, ಬಾಯಿಗೆ ಬಂದ ಕಾರಣವನ್ನೆಲ್ಲ ಹೇಳಿದಳು. ನಿಜ ಕಾರಣ ಒಂದನ್ನು ಬಿಟ್ಟು. ಕೊನೆಗೆ ಅವನು ಕೈ ಝಾಡಿಸಿದ. "ಆಯ್ತು. ಮೊದ್ಲ ಟೇಕ್ ಹತ್ತಿ. ಎರಡನೇ ಟೇಕ್ ಮೊದಲು ಬರೆದಿದ್ದ ಹಾಗೆ, ಉಗ್ಗು ಸಮೇತ. ಯಾವುದಕ್ಕೆ ಜನ ಜಾಸ್ತಿ ನಗ್ತಾರೋ ಅದು ಟೀವಿಗೆ."

ಅಷ್ಟಾದರೂ ಸಿಕ್ಕಿತು. ಮೊದಲ ಟೇಕ್ ಮುಗಿದ ಕೂಡಲೇ ಅಪ್ಪನನ್ನೂ ಬೀಗರನ್ನೂ ಕಾಫಿಗೆಂದು ಕ್ಯಾಂಟೀನಿಗೆ ಎಬ್ಬಿಸಿಕೊಂಡು ಹೋಗು ಎಂದು ಅಣ್ಣನ ಮಗಳಿಗೆ ಮೆಸೇಜ್ ಹಾಕಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎದ್ದೇಳುವ ಹೊತ್ತಿಗೆ ಸರಿಯಾಗಿ ಎದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಾರಿಡಾರಿನ ಗೋಡೆಗೆ ಹಾಳೆ ಒತ್ತಿಕೊಂಡು, ನಿಂತೇ ಮೂರು ಪುಟ ಬರೆದಳು.

ಜನ ಒಳಗೆ ಬಂದರು. ಅವಳು ಕೂರುವುದು ಮೇಲಿನ ಗಾಜಿನ ಕೋಣೆಯಲ್ಲಿ, ಡೈರೆಕ್ಟರ್ ಮತ್ತು ಸೌಂಡಿನವನ ನಡುವೆ. ಅಲ್ಲಿಂದ ಎಲ್ಲ ಕಾಣುತ್ತದೆ. ಮನೆಯವರ ಸಾಲಿನಲ್ಲಿ ಅಣ್ಣ ಬಂದು ಕೂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಒಂದು ಪಕ್ಕದಲ್ಲಿ ಮಗಳು, ಇನ್ನೊಂದು ಪಕ್ಕದಲ್ಲಿ ಬೀಗ, ಆಚೆಗೆ ಬೀಗಿತಿ. ಬೀಗ ಆಗಲೇ ಕೈ ಬೀಸಿ ಏನೋ ಹೇಳುತ್ತಿದ್ದ, ಬಲಗೈ ತೊಡೆಯ ಮೇಲೆ ಬಡಿಯುತ್ತಿತ್ತು. ಮಾವನ ನಕಲು. ಅಣ್ಣ ಅದನ್ನು ನೋಡಿ ತಲೆಯಾಡಿಸುತ್ತಿದ್ದ. ಗಾಜಿನ ಈಚೆ ತಂಗಿಗೆ ಬೆವರು ಕಿತ್ತುಕೊಂಡಿತು.

ಸೀನು ಶುರುವಾಯಿತು. ನಟ ಕೆನ್ನೆ ಉಬ್ಬಿಸಿಕೊಂಡು ಬೀಗರ ಬಾಗಿಲಲ್ಲಿ ನಿಂತ. ಬಾಯಿಂದ ಹತ್ತಿಯ ಎಳೆ ನೇತಾಡುತ್ತಿತ್ತು. ಸೊಸೆ ಬಲು ಜಾಣೆ ಎಂದು ಹೇಳಲು ತಲೆಗೆ ಬೆರಳು ತಟ್ಟಿದ, ಬೀಗರು ತಲೆ ಕೆಟ್ಟಿದೆ ಎಂದುಕೊಂಡರು. ಅಡಿಗೆ ಚೆನ್ನಾಗಿ ಮಾಡುತ್ತಾಳೆ ಎಂದು ಹೊಟ್ಟೆ ಸವರಿದ, ಬೀಗರ ಹೆಂಡತಿ ಕುರ್ಚಿಗೆ ಕುಸಿದಳು. ನಗು ಮೊದಲು ಸಣ್ಣಗೆ ಬಂತು, ಆಮೇಲೆ ಧೋ ಎಂದು ಸುರಿಯಿತು. ಅವಳು ಒಂದು ಕಣ್ಣು ನಟನ ಮೇಲೆ, ಒಂದು ಕಣ್ಣು ಅಣ್ಣನ ಮೇಲೆ ಇಟ್ಟಿದ್ದಳು. ಅಣ್ಣ ನಗುತ್ತಿದ್ದ. ಹಲ್ಲು ಬಿಟ್ಟು, ಭುಜ ಕುಲುಕಿಸಿ ನಗುತ್ತಿದ್ದ! ಅವನು ಹೀಗೆ ನಗುವುದನ್ನು ನೋಡಿ ಯಾವ ಕಾಲವಾಗಿತ್ತೋ.

"ಕೆಟ್ಟದಾಗೇನಿಲ್ಲ," ಎಂದ ಡೈರೆಕ್ಟರ್. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. "ಕ್ಯಾಮೆರಾ ಜಾಗ ಬದಲಿಸಿ. ಎರಡನೇ ಟೇಕ್."

ಹೋದ ಜೀವ ಬಂದ ಹಾಗಾಯಿತು ಅವಳಿಗೆ. ನೀರು ಕುಡಿದಳು. ಕೆಳಗೆ ಅಣ್ಣನ ಮಗಳು ಎದ್ದು, ಬೀಗಿತಿಯ ಕಿವಿಯಲ್ಲಿ ಕಾಫಿ ಕಾಫಿ ಎನ್ನುತ್ತಿದ್ದಳು. ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು.

ಆಗ ಗಿಲಕಿ ಮೈಕ್ ಹಿಡಿದು ಹಾರಿಕೊಂಡು ಬಂದ.

ಗಿಲಕಿ ಎಂದರೆ ಎರಡು ಟೇಕಿನ ನಡುವೆ ಜನ ತಣ್ಣಗಾಗದ ಹಾಗೆ ನೋಡಿಕೊಳ್ಳುವವನು. ಒಂದು ಹಾಡು, ಎರಡು ಚೇಷ್ಟೆ, ಕೂತವರ ಕೈಗೆ ಮೈಕ್ ಕೊಟ್ಟು ಒಂದಿಷ್ಟು ಕಾಲೆಳೆಯುವುದು. ಮೈಕನ್ನು ಅವನು ಮೊದಲು ಕೊಡುವುದು ಯಾವಾಗಲೂ ಮನೆಯವರ ಸಾಲಿಗೆ, ಯಾಕೆಂದರೆ ಮನೆಯವರು ಸಿಟ್ಟು ಮಾಡಿಕೊಳ್ಳುವುದಿಲ್ಲ. ಅದನ್ನು ಅವನಿಗೆ ಕಲಿಸಿದವಳೂ ರೈಟರ್ ಮೇಡಮ್ಮೇ. ನಟನನ್ನು ಹಿಡಿದಳು, ಡೈರೆಕ್ಟರನ್ನು ಹಿಡಿದಳು, ಮೂರು ಪುಟ ಬರೆದಳು. ಗಿಲಕಿಗೆ ಒಂದು ಮಾತು ಹೇಳುವುದನ್ನು ಮಾತ್ರ ಮರೆತಿದ್ದಳು.

"ಯಜಮಾನ್ರೇ!" ಗಿಲಕಿ ಅಣ್ಣನ ಮುಂದೆ ಮಂಡಿಯೂರಿದ. "ಬಿಳಿ ಅಂಗಿ ಯಜಮಾನ್ರೇ, ಬಹಳ ಚೆನ್ನಾಗಿ ನಗ್ತಿದ್ರಿ. ನೀವು ಯಾರ ಕಡೆಯವರು? ಜೋರಾಗಿ ಹೇಳಿ!"

ಮಗಳು ಮೈಕಿಗೆ ಕೈ ಚಾಚಿದಳು. ಅಣ್ಣ ಅವಳ ಕೈಯನ್ನು ಮೆಲ್ಲಗೆ ಸರಿಸಿ, ಮೈಕ್ ತೆಗೆದುಕೊಂಡು ಎದ್ದು ನಿಂತ.

ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ನರ ಉಬ್ಬಿತು, ಕಣ್ಣು ಮುಚ್ಚಿತು, ಬಲಗೈ ತೊಡೆಯ ಮೇಲೆ ಬಡಿಯಿತು. ಅವನು ಹೇಗೆ ಉಗ್ಗಿದ ಎಂದು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಅದನ್ನು ಬರೆದು ದುಡ್ಡು ಮಾಡಿದವರು ಆಗಲೇ ಇದ್ದಾರೆ, ಅಷ್ಟು ಸಾಕು.

ಮರುಗಳಿಗೆ ಛಾವಣಿ ಹಾರಿಹೋಗುವಂಥ ನಗು. ಮಾವನ ಥರ ಮಾಡ್ತಿದಾನೆ! ಎಷ್ಟು ಚೆನ್ನಾಗಿ ಮಾಡ್ತಿದಾನೆ! ಚಪ್ಪಾಳೆ, ಸಿಳ್ಳು. ಬೀಗ ತೊಡೆ ತಟ್ಟಿಕೊಂಡು "ಅರೆರೆರೆ! ಗಂಟಲು ಕಟ್ಟಿದೆ ಅಂತ ಹೇಳಿ ಇದನ್ನ ಮುಚ್ಚಿಟ್ಟಿದ್ರಾ ಬೀಗರೇ!" ಎಂದು ಕೂಗಿದ. ಮೇಲೆ ಡೈರೆಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟ. "ಎರಡನೇ ಕ್ಯಾಮೆರಾ, ಅವರ ಮುಖಕ್ಕೆ ಹೋಗು! ಹೋಗು!"

ನಾಲ್ಕು ಪರದೆಯ ಮೇಲೆ ಅಣ್ಣನ ಮುಖ ದೊಡ್ಡದಾಗಿ ಮೂಡಿತು. ತುಟಿ ನಡುಗುತ್ತಿತ್ತು. ಅವನು ನಿಲ್ಲಿಸಲಿಲ್ಲ, ನಗುವಿನ ನಡುವೆಯೂ ಎರಡನೇ ಮಾತಿಗೆ ಹೆಣಗುತ್ತಿದ್ದ.

"ಆಫ್ ಮಾಡು," ಎಂದಳು ಅವಳು. ಸೌಂಡಿನವನು ನಗುತ್ತಲೇ ಇದ್ದ. "ಮೈಕ್ ಆಫ್ ಮಾಡೋ! ಆ ಮೈಕ್ ಆಫ್ ಮಾಡು!"

ಸೌಂಡಿನವನು ಬೆಚ್ಚಿಬಿದ್ದು ಗುಂಡಿ ಒತ್ತಿದ.

ಮೈಕ್ ಸತ್ತಿತು. ಈಗ ಅಣ್ಣನ ಬಾಯಿ ಆಡುತ್ತಿತ್ತು, ಮಾತಿಲ್ಲ. ನರ ಉಬ್ಬುತ್ತಿತ್ತು, ಮಾತಿಲ್ಲ. ಜನಕ್ಕೆ ಇನ್ನೇನು ಬೇಕು! ಇದೂ ಆಟದ ಭಾಗ ಎಂದುಕೊಂಡರು. ಸ್ವಲ್ಪ ಮುಂಚೆ ತಾನೇ ಹತ್ತಿ ತುರುಕಿಕೊಂಡ ಮಾವನನ್ನು ನೋಡಿ ನಕ್ಕವರು ಅವರು. ಮೊದಲಿನ ನಗು ಏನೂ ಅಲ್ಲ ಎನ್ನುವ ಹಾಗೆ ಬಿದ್ದು ಹೊರಳಾಡಿದರು. ತಂಗಿ ಅಣ್ಣನನ್ನು ಉಳಿಸಲು ಮಾಡಿದ ಕೆಲಸ ಅವನನ್ನು ಎರಡನೇ ಸಲ ನಗೆಗೀಡು ಮಾಡಿತು. ಇಪ್ಪತ್ತು ವರ್ಷ ನಗಿಸಿದವಳಿಗೆ ಇಷ್ಟು ದೊಡ್ಡ ನಗು ಯಾವತ್ತೂ ಸಿಕ್ಕಿರಲಿಲ್ಲ.

ಅಣ್ಣ ಒಂದು ಸಲ ಮೈಕ್ ನೋಡಿದ, ಒಂದು ಸಲ ತಲೆಯೆತ್ತಿ ಗಾಜಿನ ಕಡೆ ನೋಡಿದ. ಆಮೇಲೆ ಮೈಕನ್ನು ಗಿಲಕಿಯ ಕೈಗೆ ಕೊಟ್ಟು, ಬೀಗರ ಕಡೆ ತಿರುಗಿ, ಬರಿಬಾಯಲ್ಲಿ ತನ್ನ ಮಾತು ಮುಂದುವರಿಸಿದ. ಬಹಳ ಹೊತ್ತು ಹಿಡಿಯಿತು. ಬೀಗನ ನಗು ನಿಂತಿತು. ಬೀಗಿತಿ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಹಿಂದಿನ ಸಾಲುಗಳು ಇನ್ನೂ ನಗುತ್ತಲೇ ಇದ್ದವು. ಮಾತು ಮುಗಿಸಿ ಅಣ್ಣ ಮಗಳ ಹೆಗಲ ಮೇಲೆ ಕೈಯಿಟ್ಟು ಹೊರಬಾಗಿಲ ಕಡೆ ನಡೆದ. ಬೀಗರೂ ಹಿಂದೆಯೇ ಎದ್ದರು.

"ಈ ವರ್ಷದ ನಗು ಇದು," ಎಂದ ಡೈರೆಕ್ಟರ್. "ಈ ನಗು ಎತ್ತಿಡಪ್ಪಾ, ಸಪ್ಪೆ ಸೀನಿಗೆ ಹಾಕಬಹುದು."

"ಆ ನಗು ಎಲ್ಲಾದ್ರೂ ಹಾಕಿದ್ರೆ ನಿನ್ನ ಕೈ ಮುರೀತೀನಿ!" ಎಂದು ಸೌಂಡಿನವನಿಗೆ ಹೇಳಿ ಅವಳು ಕಬ್ಬಿಣದ ಮೆಟ್ಟಿಲುಗಳನ್ನು ಇಳಿದು ಓಡಿದಳು.

ಹೊರಗಿನ ಮೊಗಸಾಲೆಯಲ್ಲಿ ನಾಲ್ವರೂ ನಿಂತಿದ್ದರು. ಬೀಗನ ಮುಖ ಸಣ್ಣಗಾಗಿತ್ತು. ಅವಳು ಏದುಸಿರು ಬಿಡುತ್ತಾ ಬೀಗರ ಎದುರು ಕೈ ಮುಗಿದಳು.

"ತಪ್ಪು ನಂದು. ಹುಡುಗಿದೇನೂ ಇಲ್ಲ, ನಮ್ಮಣ್ಣಂದೂ ಏನೂ ಇಲ್ಲ. ದಯವಿಟ್ಟು ಸಂಬಂಧ..."

"ಸಂಬಂಧಕ್ಕೇನಾಯ್ತಮ್ಮಾ ಈಗ?" ಎಂದಳು ಬೀಗಿತಿ. "ಅವರು ಹೇಳಬೇಕಾದ್ದು ಹೇಳಿದ್ರು. 'ನಾನು ಹುಟ್ಟಿನಿಂದ ಹೀಗೇ ಮಾತಾಡೋದು. ಗಂಟಲು ಕಟ್ಟಿದೆ ಅಂದಿದ್ದು ಸುಳ್ಳು. ಮಗಳ ಮದುವೆ ದಿನಾನೂ ನಿಮ್ಮ ನೆಂಟರ ಮುಂದೆ ಹೀಗೇ ಮಾತಾಡ್ತೀನಿ. ನಗೋರು ನಗಲಿ, ನನ್ನ ಮಾತು ಮುಗಿದ ಮೇಲೆ ನಗಲಿ' ಅಂದ್ರು. ಇದ್ರಲ್ಲಿ ಸಂಬಂಧ ಕೆಡೋದೇನಿದೆ? ಕೆಟ್ಟಿದ್ರೆ ನಮ್ಮ ಯಜಮಾನ್ರ ಮುಖ ಕೆಟ್ಟಿದೆ."

"ನನ್ನ ನಾಲಿಗೆ ಸೀಳಬೇಕು," ಎಂದ ಬೀಗ ನೆಲ ನೋಡುತ್ತಾ. "ಎದುರಿಗೇ ಕೂತು, ಅವರನ್ನೇ ನಕಲು ಮಾಡಿ, ಅವರಿಗೇ ತೋರಿಸಿದೀನಲ್ಲ."

ಹುಡುಗಿ ಬೀಗರನ್ನು ಕ್ಯಾಂಟೀನಿನ ಕಡೆ ಕರೆದುಕೊಂಡು ಹೋದಳು. ಹೋಗುವಾಗ ಅತ್ತೆಯ ಮುಖವನ್ನು ಮಾತ್ರ ನೋಡಲಿಲ್ಲ. ಬಾಗಿಲ ಕಥೆ ಇವತ್ತಿನ ಸೀನಾಗಿದ್ದು ಅವಳಿಗೆ ಅರ್ಥವಾಗಿತ್ತು.

ಅಣ್ಣ ತಂಗಿ ಇಬ್ಬರೇ ಉಳಿದರು. ಒಳಗಿನಿಂದ ಗಿಲಕಿಯ ಹಾಡು, ಜನರ ಚಪ್ಪಾಳೆ ಕೇಳುತ್ತಿತ್ತು.

"ಮೈಕ್ ಆಫ್ ಮಾಡಿಸಿದ್ದು ನಾನೇ," ಎಂದಳು ಅವಳು.

ಅಣ್ಣ ತಲೆಯಾಡಿಸಿದ. ಗೊತ್ತು ಎನ್ನುವ ಹಾಗೆ.

"ಬೇಕಂತ ಅಲ್ಲ ಕಣೋ. ಅವರು ನಗೋದನ್ನ ನೋಡಕ್ಕಾಗ್ಲಿಲ್ಲ ನಂಗೆ." ಹೇಳುವಾಗಲೇ ಅವಳಿಗೆ ತನ್ನ ಮಾತು ತನಗೇ ಅಸಹ್ಯವಾಯಿತು. ಅವರು ನಗಲಿ ಎಂದೇ ಅಲ್ಲವೇ ಇಷ್ಟು ವರ್ಷ ಬರೆದದ್ದು. "ಅಣ್ಣಾ, ಬೈಯೋ. ಏನಾದ್ರೂ ಅನ್ನೋ. ನಿನ್ನ ಮಾತು, ನಿನ್ನ ಕೈ, ನಿನ್ನ ಮುಖ, ಎಲ್ಲಾ ಮಾರ್ಕೊಂಡು ತಿಂದೆ ನಾನು."

ಅಣ್ಣ ಅಲ್ಲಿದ್ದ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಕೂರುವಂತೆ ಸನ್ನೆ ಮಾಡಿದ. ಆಮೇಲೆ ಮಾತಾಡಿದ. ನಿಧಾನವಾಗಿ, ತಡೆದು ತಡೆದು, ಕಣ್ಣು ಮುಚ್ಚಿ ತೆರೆದು, ಆದರೆ ಎಲ್ಲೂ ಅರ್ಧಕ್ಕೆ ಬಿಡದೆ.

"ಪುಟ್ಟೀ, ನಾನು ನಿಂಗೆ ಏನಾದ್ರೂ ಇಲ್ಲ ಅಂದಿದ್ದುಂಟಾ? ಒಂದ್ಸಲ ಕೇಳಬೇಕಿತ್ತು. 'ಅಣ್ಣಾ, ನಿನ್ನ ಹಾಗೆ ಮಾತಾಡೋ ಪಾತ್ರ ಬರೀಲಾ' ಅಂತ ಒಂದೇ ಒಂದ್ಸಲ. ಕೇಳಿದ್ರೆ ಹೂಂ ಅಂತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಣ್ಣ ಬೆನ್ನ ಮೇಲೆ ಕೈಯಿಟ್ಟ, ಸಮಾಧಾನ ಮಾಡಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಫ್ಲೋರ್ ಮ್ಯಾನೇಜರ್ ತಲೆ ಹಾಕಿದ. "ಮೇಡಂ, ಎರಡನೇ ಟೇಕಿಗೆ ಎಲ್ಲಾ ರೆಡಿ. ಮಾವ ಸೆಟ್ಟಿಗೆ ಬರ್ತಿಲ್ಲ. ಉಗ್ಗಬೇಕೋ ಬೇಡ್ವೋ ರೈಟರ್ ಬಾಯಿಂದ ಕೇಳ್ಕೊಂಡು ಬಾ ಅಂತ ನಿಂತಿದಾರೆ. ಡೈರೆಕ್ಟರ್ ಕೂಗಾಡ್ತಿದಾರೆ. ಏನು ಹೇಳ್ಲಿ?"

ಅವಳು ಕಣ್ಣೊರೆಸಿಕೊಂಡಳು. ಉಗ್ಗು ಹೋದರೆ ಮಾವ ಇಲ್ಲ, ಮಾವ ಇಲ್ಲದಿದ್ದರೆ ಧಾರಾವಾಹಿ ಇಲ್ಲ, ಮೂರನೇ ಮಹಡಿಯ ಆ ಕುರ್ಚಿಯೂ ಇಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಣ್ಣನ ಕಡೆ ತಿರುಗಿ ಕೂತಳು.

"ಅಣ್ಣಾ, ಈಗ ಕೇಳ್ತೀನಿ. ಮಾವ ನಿನ್ನ ಹಾಗೆ ಮಾತಾಡ್ಲಾ?"

ಅಣ್ಣ ಬಾಯಿ ತೆರೆದ. ಮಾತು ಸಿಕ್ಕಿಕೊಂಡಿತು. ನರ ಉಬ್ಬಿತು, ಬಲಗೈ ತೊಡೆಯ ಮೇಲೆ ಬಡಿಯತೊಡಗಿತು. ಫ್ಲೋರ್ ಮ್ಯಾನೇಜರ್ ಕಾಲು ಬದಲಿಸಿ ನಿಂತ, ಗಡಿಯಾರ ನೋಡಿಕೊಂಡ, "ಮೇಡಂ..." ಎಂದ. ಅವಳು ಕೈಯೆತ್ತಿ ಅವನನ್ನು ತಡೆದಳು. ಹೂಂ ಎನ್ನಲಿ ಎಂದು ಅವಳ ಹೊಟ್ಟೆಯೊಳಗೆ ಒಂದು ಜೀವ ಅಂಗಲಾಚುತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ಆದರೂ ತುಟಿ ಬಿಚ್ಚದೆ, ಅಣ್ಣನ ಮುಖದಿಂದ ಕಣ್ಣು ಕೀಳದೆ ಕಾದಳು. ಒಳಗಿನ ಚಪ್ಪಾಳೆ ನಿಂತುಹೋಯಿತು. ಯಾರೋ ಡೈರೆಕ್ಟರ್ ಕರೀತಿದಾರೆ ಎನ್ನುತ್ತಾ ಓಡಿದರು. ಅವಳು ಕಾದಳು.

"ಬೇಡ," ಎಂದ ಅಣ್ಣ.

ಅವಳು ಫ್ಲೋರ್ ಮ್ಯಾನೇಜರ್ ಕಡೆ ನೋಡಿದಳು.

"ಕೇಳಿಸ್ತಲ್ಲ," ಎಂದಳು. "ಹೋಗಿ ಹೇಳು."